‘ವೆರಿಫೈಡ್’ ಅಂತ ಬರೆದದ್ದು ಯಾರು? ಅಕೌಂಟ್ ಮಾರಾಟದ ಗುರುತುಗಳನ್ನು ಓದುವ ಬಗೆ

ಕಳೆದ ಮಳೆಗಾಲದ ಒಂದು ಸಂಜೆ ತಂಗಿಯ ಮಗ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನನ್ನ ಕಂಪ್ಯೂಟರ್ ಅಂಗಡಿಗೆ ಬಂದು ಫೋನ್ ಮುಂದೆ ಹಿಡಿದ. ತಾಳಮದ್ದಳೆಯ ವಿಡಿಯೋ ಹಾಕಲು ಅವನಿಗೊಂದು ಯೂಟ್ಯೂಬ್ ಚಾನೆಲ್ ಬೇಕಿತ್ತು. ಸೊನ್ನೆಯಿಂದ ಶುರು ಮಾಡುವ ಬದಲು ಬೆಳೆದ ಚಾನೆಲನ್ನೇ ಕೊಳ್ಳುವ ಆಲೋಚನೆ. ಅಕೌಂಟ್ ಮಾರುವ ಜಾಲತಾಣವೊಂದರಲ್ಲಿ ಅವನಿಗೆ ಸಿಕ್ಕಿದ್ದು ಇದು: ‘ಕನ್ನಡ ಭಕ್ತಿ ಚಾನೆಲ್. 2016ರದ್ದು. 18 ಸಾವಿರ ಸಬ್‌ಸ್ಕ್ರೈಬರ್. ಮಾನಿಟೈಸ್ಡ್. ನೋ ಸ್ಟ್ರೈಕ್. ಒರಿಜಿನಲ್ ಮೇಲ್, ಫುಲ್ ಆಕ್ಸೆಸ್. 24 ಗಂಟೆ ವಾರಂಟಿ.’ ಪಕ್ಕದಲ್ಲಿ ಹಸಿರು ಟಿಕ್, ಅದರ ಕೆಳಗೆ ‘ವೆರಿಫೈಡ್’.

“ಎಲ್ಲ ಉಂಟಲ್ಲ ಮಾವ ಇದರಲ್ಲಿ. ಇನ್ನೆಂತ ನೋಡ್ಲಿಕ್ಕೆ?”

“ವೆರಿಫೈಡ್ ಅಂತ ಬರೆದದ್ದು ಯಾರು ಮಾರಾಯ?” ಅಂತ ಕೇಳಿದೆ. ಅವನು ಫೋನನ್ನೇ ನೋಡಿದ. ಅದು ಫೋನಿನಲ್ಲಿ ಇರಲಿಲ್ಲ.

ನಾವು ಅಡಿಕೆ ಬೆಳೆಯುವ ಊರಿನವರು. ಬದಿಯಡ್ಕಕ್ಕೋ ಕುಂಬಳೆಗೋ ಅಡಿಕೆ ಒಯ್ದವರಿಗೆಲ್ಲ ಗೊತ್ತಿದೆ, ಚೀಲದಲ್ಲಿ ಏನಿದೆ ಎಂದು ನಾವು ಹೇಳುವುದನ್ನು ವ್ಯಾಪಾರಿ ಕಿವಿಗೇ ಹಾಕಿಕೊಳ್ಳುವುದಿಲ್ಲ. ಚೀಲದ ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ನಾಲ್ಕೈದನ್ನು ಕತ್ತರಿಸಿ ಹೋಳು ಮಾಡಿ ಒಳಗಿನ ಬಣ್ಣ ನೋಡುತ್ತಾನೆ. ಆಮೇಲೆ ಇದು ಹೊಸತು, ಇದು ಹಳೆಯ ಸಿಂಗಲ್ ಚೋಲ್, ಇದು ಇನ್ನೂ ಹಳೆಯ ಡಬಲ್ ಚೋಲ್, ಕೆಳದರ್ಜೆಯವಾದ ಪಟೋರ ಇಷ್ಟು, ಉಳ್ಳಿ ಇಷ್ಟು, ಕರಿಗೋಟು ಇಷ್ಟು, ಕೋಕ ಇಷ್ಟು ಎಂದು ಬೇರೆ ಮಾಡುತ್ತಾನೆ. ಒಂದೊಂದಕ್ಕೂ ಒಂದೊಂದು ದರ. ದರ್ಜೆ ತಪ್ಪಿದರೆ ನಷ್ಟ ಅವನಿಗೇ. ಅಡಿಕೆಗೆ ದರ್ಜೆ ಹಾಕುವವನು ಹಣ ಕೊಡುವವನು. ಅಕೌಂಟ್ ಮಾರುವ ಜಾಲತಾಣದಲ್ಲಿ ದರ್ಜೆ ಹಾಕುವವನು ಹಣ ತೆಗೆದುಕೊಳ್ಳುವವನು, ಇಲ್ಲವೇ ಆ ವ್ಯವಹಾರದಲ್ಲಿ ಕಮಿಷನ್ ಪಡೆಯುವವನು. ಕತ್ತರಿ ನಮ್ಮ ಕೈಗೆ ಬರುವ ಹಾಗೆ ಮಾಡುವುದು ಹೇಗೆ ಎನ್ನುವುದಕ್ಕಾಗಿ ಈ ಲೇಖನ.

ಮೊದಲು: ಇದು ಮಾರುವ ವಸ್ತುವೇ?

‘ನೋ ಸ್ಟ್ರೈಕ್’, ‘ವೆರಿಫೈಡ್’ ಎಂಬಂಥ ಗುರುತುಗಳನ್ನು ಓದುವ ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಿ. ಅಕೌಂಟನ್ನಾಗಲಿ ಬಳಕೆದಾರ ಹೆಸರನ್ನಾಗಲಿ ಮಾರಬಾರದು, ಕೊಳ್ಳಬಾರದು, ವರ್ಗಾಯಿಸಬಾರದು ಎಂದು ಇನ್‌ಸ್ಟಾಗ್ರಾಂ ತನ್ನ ನಿಯಮದಲ್ಲೇ ಬರೆದಿದೆ. ಸ್ಟೀಮ್ ಅಕೌಂಟ್ ಕೂಡ ಕೈ ಬದಲಿಸುವಂತಿಲ್ಲ. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಮಾಡಿದ ಸೂಪರ್‌ಸೆಲ್ ಕಂಪೆನಿಯದ್ದೂ ಅದೇ ಮಾತು. ಅಂದರೆ ಹಣ ಪೂರ್ತಿ ಕೊಟ್ಟು, ಪಾಸ್‌ವರ್ಡ್ ಬದಲಿಸಿ, ಎಲ್ಲ ಸರಿಯಾದ ಮೇಲೂ ಕಂಪೆನಿ ಒಂದು ದಿನ ಅದನ್ನು ಮುಚ್ಚಿಬಿಡಬಹುದು. ಮುಚ್ಚಿದರೆ ಕೇಳಲು ನಿಮಗೆ ಹಕ್ಕಿಲ್ಲ. ಇದನ್ನು ಹೇಳುವ ಗುರುತು ಯಾವ ಮಾರಾಟದ ತಾಣದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕೆಲವು ಕಡೆ ಹಸ್ತಾಂತರದ ದಾರಿಯನ್ನು ಕಂಪೆನಿಯೇ ಇಟ್ಟಿದೆ. ಯೂಟ್ಯೂಬ್ ಚಾನೆಲ್ ಬ್ರ್ಯಾಂಡ್ ಅಕೌಂಟಿನಲ್ಲಿದ್ದರೆ, ಅಂದರೆ ಹಲವರು ತಮ್ಮ ತಮ್ಮ ಗೂಗಲ್ ಅಕೌಂಟಿನಿಂದಲೇ ನಡೆಸಬಹುದಾದ ಬಗೆಯದ್ದಾದರೆ, ಮಾಲೀಕರನ್ನು ಬದಲಿಸಬಹುದು. ಫೇಸ್‌ಬುಕ್ ಪೇಜಿನ ಪೂರ್ಣ ನಿಯಂತ್ರಣವನ್ನು ಇನ್ನೊಬ್ಬರಿಗೆ ಕೊಡಬಹುದು. ಟೆಲಿಗ್ರಾಂ ಚಾನೆಲ್ಲಿನ ಒಡೆತನವನ್ನೂ ದಾಟಿಸಬಹುದು. ಊರಿನ ಯುವಕ ಮಂಡಲದ ಪೇಜು ಹಳೆಯ ಕಾರ್ಯದರ್ಶಿಯಿಂದ ಹೊಸಬರಿಗೆ ಹೋಗಬೇಕಾದಾಗಲೂ ಬೇಕಾಗುವುದು ಇವೇ ದಾರಿಗಳು. ಈ ಲೇಖನದ ಉಪಯೋಗ ಹೆಚ್ಚು ಇರುವುದು ಅಂಥ ಕಡೆ.

ಮೂರು ವಸ್ತುಗಳ ಗುರುತನ್ನು ಓದುವುದೇ ಬೇಡ: ಬ್ಯಾಂಕ್ ಖಾತೆ, ಸಿಮ್, ನಂಬರ್ ಸಮೇತ ಮಾರುವ ವಾಟ್ಸಾಪ್. ‘ಫ್ರೆಶ್’, ‘ಕೆವೈಸಿ ಡನ್’ ಅಂತೆಲ್ಲ ಬರೆದಿರುತ್ತಾರೆ. ಇವು ಹೋಗುವುದು ವಂಚಕರ ಹಣ ದಾಟಿಸುವ ಕೆಲಸಕ್ಕೆ. ಪೊಲೀಸರು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಕಾಲೇಜಿಗೆ ಹೋಗುವ ಮಕ್ಕಳು ನಾಲ್ಕು ಸಾವಿರದ ಆಸೆಗೆ ಪಾಸ್‌ಬುಕ್ಕು, ಎಟಿಎಂ ಕಾರ್ಡು ಕೊಟ್ಟು ಪ್ರಕರಣದಲ್ಲಿ ಸಿಕ್ಕಿಬೀಳುತ್ತಿದ್ದಾರೆ. ಕೇರಳ ಪೊಲೀಸರು ಇದರ ಬಗ್ಗೆ ಮತ್ತೆ ಮತ್ತೆ ಎಚ್ಚರಿಸುತ್ತಲೇ ಇದ್ದಾರೆ. ಮನೆಯಲ್ಲಿ ಹದಿನೆಂಟು ದಾಟಿದ ಮಕ್ಕಳಿದ್ದರೆ ಇದನ್ನು ಕೂರಿಸಿ ಹೇಳಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಓಡುತ್ತಿದೆ ಎಂದು ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು, ನಿಮ್ಮದಲ್ಲದ್ದನ್ನು ಅಲ್ಲಿಯೇ ದೂರಬಹುದು.

ಎರಡನೆಯದು: ಪ್ರತಿ ಗುರುತಿಗೂ ಮೂರು ಪ್ರಶ್ನೆ

ಯಾರು ನೋಡಿ ಹಾಕಿದ್ದು? ಯಾವತ್ತು ನೋಡಿದ್ದು? ಸುಳ್ಳಾದರೆ ಹಣ ಯಾರ ಕೈಯಿಂದ ವಾಪಸ್ ಬರುತ್ತದೆ? ಒಂದು ಹಾಳೆ ತೆಗೆದು ಗುರುತುಗಳನ್ನು ಒಂದರ ಕೆಳಗೊಂದು ಬರೆದು, ಎದುರಿಗೆ ಈ ಮೂರಕ್ಕೂ ಉತ್ತರ ಬರೆಯಿರಿ. ಅಳಿಯನಿಂದ ನಾನು ಹಾಗೇ ಬರೆಸಿದೆ. ಏಳು ಗುರುತುಗಳಲ್ಲಿ ಐದರ ಎದುರು ‘ಮಾರುವವನೇ ಹೇಳಿದ್ದು’ ಎಂದಾಯಿತು.

ಹಸಿರು ಟಿಕ್ಕಿನ ಕಥೆಯೂ ಬೇರೆಯೇ. ‘ವೆರಿಫೈಡ್’ ಎನ್ನುವ ಒಂದೇ ಪದ ಎರಡು ಬೇರೆ ವಿಷಯಗಳಿಗೆ ಬರುತ್ತದೆ. ಒಂದು, ಮಾರುವವನು ತನ್ನ ಫೋನ್ ನಂಬರನ್ನೋ ಗುರುತಿನ ಚೀಟಿಯನ್ನೋ ಕೊಟ್ಟಿದ್ದಾನೆ ಎಂಬುದು. ಇನ್ನೊಂದು, ಈ ಅಕೌಂಟ್ ಇವನ ಕೈಯಲ್ಲೇ ಇದೆ, ಅಂಕಿಗಳು ಸರಿಯಿವೆ ಎಂದು ತಾಣದವರು ಪರೀಕ್ಷಿಸಿದ್ದಾರೆ ಎಂಬುದು. ಹೆಚ್ಚಿನ ಕಡೆ ಟಿಕ್ ಇರುವುದು ಮೊದಲಿನದಕ್ಕೆ, ಕೊಳ್ಳುವವರು ಓದಿಕೊಳ್ಳುವುದು ಎರಡನೆಯದಾಗಿ. ಟಿಕ್ಕಿನ ಮೇಲೆ ಒತ್ತಿ, ವಿವರಣೆ ಬಂದರೆ ಪೂರ್ತಿ ಓದಿ. ಬರದಿದ್ದರೆ ತಾಣದ ಸಹಾಯ ವಿಭಾಗಕ್ಕೆ ಒಂದೇ ಸಾಲು ಬರೆಯಿರಿ: ಇದರಲ್ಲಿ ನೀವು ಪರೀಕ್ಷಿಸಿದ್ದು ವ್ಯಕ್ತಿಯನ್ನೋ ಅಕೌಂಟನ್ನೋ? ಉತ್ತರ ಬರುವ ತನಕ ಆ ಟಿಕ್ ಇಲ್ಲವೆಂದೇ ಲೆಕ್ಕ.

ಮೂರನೆಯದು: ಸ್ಕ್ರೀನ್‌ಶಾಟ್ ಬೇಡ, ಜೀವಂತ ಪರದೆ ಬೇಕು

ಇದನ್ನು ಅಳಿಯನಿಗೆ ಮಾತಿನಲ್ಲಿ ಹೇಳಲಿಲ್ಲ, ಮಾಡಿ ತೋರಿಸಿದೆ. ಅವನು ಮೊದಲೇ ಮಾಡಿಟ್ಟಿದ್ದ ಪುಟ್ಟ ಚಾನೆಲ್ಲಿನ ಪುಟವನ್ನು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದೆ. ಸಬ್‌ಸ್ಕ್ರೈಬರ್ 41 ಎಂದಿತ್ತು. ಅಂಕಿಯ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತಿ ‘ಇನ್‌ಸ್ಪೆಕ್ಟ್’ ಆರಿಸಿದೆ, ಬಲಬದಿಯಲ್ಲಿ ಪುಟದ ಕೋಡ್ ತೆರೆಯಿತು. 41ನ್ನು ಅಳಿಸಿ 41 ಸಾವಿರ ಮಾಡಿ ಎಂಟರ್ ಒತ್ತಿದೆ. ಪುಟದಲ್ಲಿ 41 ಸಾವಿರ! ಫೋಟೋ ತೆಗೆದರೆ ಯಾರಿಗೂ ಗೊತ್ತಾಗದು. ಅರ್ಧ ನಿಮಿಷದ ಕೆಲಸ. ಪುಟವನ್ನು ರಿಫ್ರೆಶ್ ಮಾಡಿದಾಗ ಮತ್ತೆ 41.

ಆದ್ದರಿಂದ ವಿಡಿಯೋ ಕಾಲಿನಲ್ಲಿ ಪರದೆ ಹಂಚಿಕೊಳ್ಳಲು ಕೇಳಿ. ನಿಮ್ಮೆದುರೇ ಪುಟ ರಿಫ್ರೆಶ್ ಆಗಬೇಕು, ಚಾನೆಲ್ ನಡೆಸುವವರಿಗೆ ಮಾತ್ರ ಕಾಣುವ ಯೂಟ್ಯೂಬ್ ಸ್ಟುಡಿಯೋದೊಳಗೆ ನೀವು ಹೇಳಿದ ಜಾಗಕ್ಕೆ ಅವರು ಹೋಗಬೇಕು. ನೋಡಬೇಕಾದ ಮೊದಲ ಜಾಗ ವೀಕ್ಷಕರು ಯಾವ ದೇಶದವರು ಎನ್ನುವ ಪಟ್ಟಿ. ಕನ್ನಡ ಭಕ್ತಿ ಚಾನೆಲ್ಲಿಗೆ ನೋಡುಗರು ಭಾರತದಲ್ಲಿ, ಸ್ವಲ್ಪ ಗಲ್ಫಿನಲ್ಲಿ ಇರಬೇಕು. ನಮ್ಮ ಕಡೆಯವರು ಅಲ್ಲಿ ಬೇಕಾದಷ್ಟಿದ್ದಾರೆ. ಕನ್ನಡದ ಗಂಧವೇ ಇಲ್ಲದ ದೇಶಗಳು ಪಟ್ಟಿಯ ಮೇಲಿದ್ದರೆ ‘ಆರ್ಗ್ಯಾನಿಕ್’, ಅಂದರೆ ಜನ ತಾವಾಗಿಯೇ ಸೇರಿದ್ದು, ಎಂಬ ಗುರುತು ಅಲ್ಲಿಗೆ ಬಿತ್ತು. ಎರಡನೆಯದು ಕಳೆದ 48 ಗಂಟೆಗಳ ವೀಕ್ಷಣೆ. 18 ಸಾವಿರ ಜನ ಸೇರಿದ ಚಾನೆಲ್ಲಿನಲ್ಲಿ ಎರಡು ದಿನಕ್ಕೆ ಹನ್ನೆರಡು ವೀಕ್ಷಣೆ ಇದ್ದರೆ ನೀವು ಕೊಳ್ಳುತ್ತಿರುವುದು ಖಾಲಿ ಸಭಾಭವನ.

ನಾಲ್ಕನೆಯದು: ‘ಹಳೆಯದು’ ಎಂಬ ಗುರುತನ್ನು ಕತ್ತರಿಸಿ ನೋಡುವುದು

ಡಬಲ್ ಚೋಲಿಗೆ ದರ ಹೆಚ್ಚು, ಎರಡು ವರ್ಷ ಕಾದದ್ದಕ್ಕೆ. ಅಕೌಂಟಿನಲ್ಲೂ ಹಳೆಯದಕ್ಕೆ ಬೆಲೆ ಜಾಸ್ತಿ ಇಡುತ್ತಾರೆ. ಆದರೆ ಅಡಿಕೆ ಎಷ್ಟು ಹಳತಾದರೂ ಅಡಿಕೆಯಾಗಿಯೇ ಇರುತ್ತದೆ. 2016ರಲ್ಲಿ ಮಕ್ಕಳ ಆಟಿಕೆಯ ಚಾನೆಲ್ ಆಗಿದ್ದದ್ದು ಎಲ್ಲ ವಿಡಿಯೋ ಅಳಿಸಿ, ಹೆಸರು ಬದಲಿಸಿ ಈ ವರ್ಷ ಭಕ್ತಿ ಚಾನೆಲ್ ಆಗಿರಬಹುದು. ವಯಸ್ಸು ನಿಜ, ಸರಕು ಬೇರೆ.

ನೋಡುವುದು ಸುಲಭ, ಮಾರುವವನ ಸಹಾಯವೂ ಬೇಡ. ಇನ್‌ಸ್ಟಾಗ್ರಾಂನಲ್ಲಿ ಪ್ರೊಫೈಲಿನ ಮೂರು ಚುಕ್ಕಿ ಒತ್ತಿದರೆ ‘ಅಬೌಟ್ ದಿಸ್ ಅಕೌಂಟ್’ ಸಿಗುತ್ತದೆ. ಸೇರಿದ ದಿನಾಂಕ ಅಲ್ಲಿರುತ್ತದೆ, ಹಿಂದೆ ಬದಲಿಸಿದ ಹೆಸರುಗಳ ಲೆಕ್ಕವೂ ಹಲವು ಅಕೌಂಟುಗಳಲ್ಲಿ ಕಾಣುತ್ತದೆ. ಫೇಸ್‌ಬುಕ್ ಪೇಜಿನಲ್ಲಿ ‘ಪೇಜ್ ಟ್ರಾನ್ಸ್‌ಪರೆನ್ಸಿ’ ಎಂಬ ವಿಭಾಗವಿದೆ. ಪೇಜ್ ಹುಟ್ಟಿದ ದಿನ, ಹೆಸರು ಬದಲಾದ ದಿನಗಳು, ಎಷ್ಟೋ ಪೇಜುಗಳಲ್ಲಿ ನಡೆಸುವವರು ಇರುವ ದೇಶ, ಎಲ್ಲ ಅಲ್ಲಿ ತೆರೆದಿಟ್ಟಿದೆ. ‘ನಮ್ಮ ತುಳುನಾಡು’ ಎಂಬಂಥ ಹೆಸರಿನ ಪೇಜನ್ನು ಸಮುದ್ರದಾಚೆಯ ಆರು ಜನ ನಡೆಸುತ್ತಿದ್ದರೆ ಅದು ಅಲ್ಲಿಯೇ ಗೊತ್ತಾಗುತ್ತದೆ. ಯೂಟ್ಯೂಬ್ ಚಾನೆಲ್ಲಿನ ಹಳೆಯ ರೂಪ ನೋಡಲು ಅದರ ವಿಳಾಸವನ್ನು ಜಾಲಪುಟಗಳ ಹಳೆಯ ಪ್ರತಿಗಳನ್ನು ಉಳಿಸಿಡುವ ವೇಬ್ಯಾಕ್ ಮಷೀನ್ ತಾಣಕ್ಕೆ ಹಾಕಿ. ಹಳೆಯ ಪುಟದ ಪ್ರತಿ ಉಳಿದಿದ್ದರೆ ಎಲ್ಲ ಸ್ಪಷ್ಟ.

ಐದನೆಯದು: ‘ನೋ ಸ್ಟ್ರೈಕ್’, ‘ಮಾನಿಟೈಸ್ಡ್’

ಸ್ಟ್ರೈಕ್ ಎಂದರೆ ನಿಯಮ ಮುರಿದದ್ದಕ್ಕೆ ಚಾನೆಲ್ಲಿನ ಮೇಲೆ ಬೀಳುವ ದಂಡನೆಯ ಗುರುತು. ಯೂಟ್ಯೂಬಿನಲ್ಲಿ ಒಂದು ಸ್ಟ್ರೈಕಿನ ಆಯುಸ್ಸು 90 ದಿನ, ಆ ಅವಧಿಯಲ್ಲಿ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಆದ್ದರಿಂದ ‘ನೋ ಸ್ಟ್ರೈಕ್’ ಎಂದರೆ ಈ ಹೊತ್ತಿಗೆ ಸ್ಟ್ರೈಕ್ ಇಲ್ಲ ಎಂದಷ್ಟೇ ಅರ್ಥ. ನಾಲ್ಕು ತಿಂಗಳ ಹಿಂದೆ ಎರಡು ಬಿದ್ದು ಅವಧಿ ಮುಗಿದಿದ್ದರೂ ಆ ಗುರುತು ಸುಳ್ಳಾಗುವುದಿಲ್ಲ. ಯಕ್ಷಗಾನ, ಭಕ್ತಿಗೀತೆಯ ಚಾನೆಲ್ಲುಗಳಲ್ಲಿ ಇದನ್ನು ಒತ್ತಿ ಕೇಳಬೇಕು. ಮೇಳದವರ ಅನುಮತಿಯಿಲ್ಲದೆ ಚಿತ್ರಿಸಿದ ಆಟ, ಕ್ಯಾಸೆಟ್ ಕಂಪೆನಿಯ ಹಾಡು ಅಲ್ಲಿ ತುಂಬಿರುತ್ತವೆ. ಸ್ಟುಡಿಯೋದಲ್ಲಿ ವಿಡಿಯೋಗಳ ಪಟ್ಟಿ ತೆರೆಸಿ, ‘ಕಾಪಿರೈಟ್’ ಎಂದು ಯಾವ ಯಾವುದರ ಎದುರು ಬರೆದಿದೆ ಎಂದು ಎಣಿಸಿ. ಕ್ಲೈಮ್ ಇರುವ, ಅಂದರೆ ಇದು ತಮ್ಮದೆಂದು ಬೇರೆಯವರು ಹಕ್ಕು ಹೇಳಿದ, ವಿಡಿಯೋದ ಜಾಹೀರಾತಿನ ಹಣ ಸಾಮಾನ್ಯವಾಗಿ ಹಕ್ಕುದಾರರಿಗೆ ಹೋಗುತ್ತದೆ, ನಿಮಗಲ್ಲ.

‘ಮಾನಿಟೈಸ್ಡ್’ ಎಂದರೆ ಜಾಹೀರಾತಿನ ಆದಾಯ ಬರುವ ಚಾನೆಲ್. ಅದಕ್ಕೆ 1,000 ಸಬ್‌ಸ್ಕ್ರೈಬರ್ ಬೇಕು, ಜತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನಗಳಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ. ಇದನ್ನು ದಾಟಿದ ಚಾನೆಲ್ಲಿಗೆ ಬೆಲೆ ಇರುವುದು ಸಹಜ. ಆದರೆ ಹಣ ಬರುವ ಆಡ್‌ಸೆನ್ಸ್ ಖಾತೆ ಒಬ್ಬರಿಂದ ಒಬ್ಬರಿಗೆ ವರ್ಗಾವಣೆ ಆಗುವುದಿಲ್ಲ, ನೀವು ನಿಮ್ಮದೇ ಹೆಸರಿನದ್ದನ್ನು ಜೋಡಿಸಬೇಕು. ‘ಆಡ್‌ಸೆನ್ಸ್ ಸಮೇತ’ ಎಂದು ಬರೆದ ಕಡೆ ಮುಂದೆ ಓದಬೇಡಿ. ಆರು ತಿಂಗಳಿಗಿಂತ ಹೆಚ್ಚು ಏನೂ ಹಾಕದೆ ಸುಮ್ಮನಿದ್ದ ಚಾನೆಲ್ಲಿನ ಆದಾಯವನ್ನು ಯೂಟ್ಯೂಬ್ ನಿಲ್ಲಿಸಬಹುದು ಎಂಬುದೂ ನೆನಪಿರಲಿ. ಕೊನೆಯ ವಿಡಿಯೋದ ದಿನಾಂಕ ನೋಡಲು ಮರೆಯಬೇಡಿ.

ಆರನೆಯದು: ‘ಒರಿಜಿನಲ್ ಮೇಲ್, ಫುಲ್ ಆಕ್ಸೆಸ್’

ಅಕೌಂಟ್ ತೆರೆದ ಮೂಲ ಇಮೇಲನ್ನೇ ಪೂರ್ತಿ ಬಿಟ್ಟುಕೊಡುತ್ತೇವೆ ಎಂಬ ಮಾತು ಇದು. ಹೆಚ್ಚಿನವರು ಕೆಡುವುದು ಇಲ್ಲಿಯೇ. ಎರಡು ವರ್ಷದ ಹಿಂದೆ ನಮ್ಮ ನೆಂಟರ ಹುಡುಗನೊಬ್ಬ 4,500 ರೂಪಾಯಿ ಕೊಟ್ಟು ಗೇಮ್ ಐಡಿ ಕೊಂಡಿದ್ದ. ಮೇಲ್ ಪಾಸ್‌ವರ್ಡ್ ಬದಲಿಸಿದ, ಎರಡು ದಿನ ಆಡಿದ, ‘ಎಲ್ಲ ಸರಿ ಉಂಟು’ ಎಂದು ಮಾರಿದವನಿಗೆ ಐದು ನಕ್ಷತ್ರವನ್ನೂ ಕೊಟ್ಟ. ಐದನೆಯ ದಿನ ಬೆಳಿಗ್ಗೆ ಲಾಗಿನ್ ಆಗಲಿಲ್ಲ. ಮಾರಿದವನು ‘ಪಾಸ್‌ವರ್ಡ್ ಮರೆತಿದೆ’ ಎಂದು ಗೂಗಲಿಗೆ ಹೇಳಿ ತನ್ನ ಹಳೆಯ ನಂಬರಿಗೇ ಕೋಡ್ ತರಿಸಿಕೊಂಡಿದ್ದ. ಹುಡುಗ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಆ ಹಣ ಅವನು ತೋಟದಲ್ಲಿ ಅಡಿಕೆ ಹೆಕ್ಕಿ ಗಳಿಸಿದ್ದು.

ಇದು ಹೇಗೆ ಸಾಧ್ಯವಾಯಿತು? ಪಾಸ್‌ವರ್ಡ್ ಮರೆತಾಗ ಕೋಡ್ ಬರುವ ರಿಕವರಿ ಫೋನನ್ನೋ ರಿಕವರಿ ಮೇಲನ್ನೋ ನೀವು ಬದಲಿಸಿದ ಮೇಲೂ ಏಳು ದಿನಗಳ ತನಕ ಹಳೆಯ ನಂಬರಿಗೆ ಕೋಡ್ ಕಳಿಸುವ ಅವಕಾಶವನ್ನು ಗೂಗಲ್ ಇಟ್ಟುಕೊಂಡಿದೆ. ಅಕೌಂಟ್ ಕದ್ದುಹೋದವರಿಗೆ ಮರಳಿ ಸಿಗಲಿ ಎಂಬ ಒಳ್ಳೆಯ ಉದ್ದೇಶದ್ದು ಅದು. ಮಾರಿ ವಾಪಸ್ ಎಳೆದುಕೊಳ್ಳುವವನಿಗೂ ಅದೇ ಬಾಗಿಲು. ಹಾಗಾದರೆ ‘24 ಗಂಟೆ ವಾರಂಟಿ’ ಎಂಬ ಗುರುತಿನ ಬೆಲೆ ಎಷ್ಟು? ಅಪಾಯದ ಏಳು ದಿನಗಳಲ್ಲಿ ಒಂದು ದಿನದ್ದಷ್ಟೇ.

ಹಾಗಾಗಿ ಪಾಸ್‌ವರ್ಡ್ ಕೈ ಬದಲಾಗದೆ ನಡೆಯುವ ವ್ಯವಹಾರವನ್ನೇ ಆರಿಸಿ. ಬ್ರ್ಯಾಂಡ್ ಅಕೌಂಟಿನ ಚಾನೆಲ್ ಆಗಿದ್ದರೆ ಮಾರುವವರು ನಿಮ್ಮ ಸ್ವಂತ ಜಿಮೇಲನ್ನು ‘ಓನರ್’ ಎಂದು ಸೇರಿಸುತ್ತಾರೆ. ಏಳು ದಿನ ಕಳೆದ ಮೇಲೆ ನಿಮ್ಮನ್ನು ‘ಪ್ರೈಮರಿ ಓನರ್’ ಮಾಡುತ್ತಾರೆ, ಆಮೇಲೆ ಅವರನ್ನು ನೀವು ತೆಗೆಯುತ್ತೀರಿ. ‘ಮ್ಯಾನೇಜರ್’ ಹುದ್ದೆ ಕೊಟ್ಟು ಫುಲ್ ಆಕ್ಸೆಸ್ ಎನ್ನುವವರಿದ್ದಾರೆ. ಒಪ್ಪಬೇಡಿ, ಮ್ಯಾನೇಜರನ್ನು ಮಾಲೀಕ ಯಾವ ಗಳಿಗೆಯಲ್ಲೂ ಹೊರಗೆ ಹಾಕಬಹುದು. ಟೆಲಿಗ್ರಾಂನಲ್ಲಿ ಒಡೆತನ ದಾಟಿಸಬೇಕಾದರೆ ಕೊಡುವವರು ಎರಡು ಹಂತದ ಪಾಸ್‌ವರ್ಡ್ ಹಾಕಿ ಏಳು ದಿನ ಆಗಿರಬೇಕು, ಆ ಫೋನಿನಲ್ಲಿ ಲಾಗಿನ್ ಆಗಿ 24 ಗಂಟೆ ದಾಟಿರಬೇಕು. ಇದನ್ನು ಮೊದಲೇ ತಿಳಿಸಿದರೆ ‘ಇವತ್ತೇ ಹಣ ಹಾಕಿ’ ಎಂಬ ಅವಸರಕ್ಕೆ ಕಾರಣ ಉಳಿಯುವುದಿಲ್ಲ.

ಏಳನೆಯದು: ಹಣ ಮತ್ತು ಕಾಗದ

ಮಧ್ಯವರ್ತಿ ಹಣ ಹಿಡಿದಿಡುವ ವ್ಯವಸ್ಥೆ, ಅಂದರೆ ಎಸ್ಕ್ರೋ, ಇದ್ದರೆ ಮಾತ್ರ ಮುಂದುವರಿಯಿರಿ. ‘ತಾಣದ ಹೊರಗೆ ಮಾಡೋಣ, ಕಮಿಷನ್ ಉಳಿಯುತ್ತದೆ’ ಎಂದರೆ ಅಲ್ಲಿಗೆ ಮಾತು ಮುಗಿಸಿ. ಗುಂಪುಗಳಲ್ಲಿ ತಾನೇ ಮಧ್ಯವರ್ತಿ ಎಂದು ಬರುವ ಅಪರಿಚಿತನೂ ಮಾರುವವನ ಗೆಳೆಯನೇ ಆಗಿರಬಹುದು. ಹಣ ಹಿಡಿದಿಡುವ ಅವಧಿ ಎಷ್ಟು ಎಂದು ಓದಿ. ಏಳು ದಿನಕ್ಕಿಂತ ಕಡಿಮೆಯಾದರೆ ಬೆಲೆ ಎಷ್ಟು ಅಗ್ಗವಿದ್ದರೂ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ದೊಡ್ಡ ಮೊತ್ತವಾದರೆ ಯಾವ ಚಾನೆಲ್, ಎಷ್ಟು ಹಣ, ಯಾವ ದಿನ ಒಡೆತನ ದಾಟುತ್ತದೆ, ವಾಪಸ್ ಎಳೆದುಕೊಂಡರೆ ಹಣ ಮರಳಿಸಬೇಕು, ಇಷ್ಟನ್ನು ಛಾಪಾ ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಜಾಹೀರಾತಿನ ಪುಟವನ್ನು ಗುರುತುಗಳ ಸಮೇತ ಉಳಿಸಿಡಿ. ಗಲಾಟೆಯಾದ ಮೇಲೆ ಆ ಪುಟವೇ ಅಲ್ಲಿ ಇರುವುದಿಲ್ಲ. ಮೋಸವಾದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲೂ ದೂರು ದಾಖಲಿಸಿ. ಬೇಗ ಹೇಳಿದಷ್ಟೂ ಹಣ ದಾಟಿಹೋಗುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು. ಮಾರಿದ ಮೇಲೆ ಪಾಸ್‌ವರ್ಡ್ ಎಳೆದುಕೊಂಡು ಮೋಸ ಮಾಡುವುದು ಬರೀ ಆಟದ ಜಗಳವಲ್ಲ. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ ಕಲಮಿನಲ್ಲಿ ಮೂರು ವರ್ಷದ ತನಕ ಸೆರೆ, ಒಂದು ಲಕ್ಷದ ತನಕ ದಂಡ ಇದೆ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ದೂರು ಬರೆಯಲು ಮಲಯಾಳ ಬಾರದು ಎಂದು ಹಿಂಜರಿದವರನ್ನು ನಾನು ಅಂಗಡಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಗಳ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ಕನ್ನಡದಲ್ಲೇ ಬರೆಯಿರಿ. ಮಾತೃಭಾಷೆಯಲ್ಲಿ ಬರೆದ ದೂರಿನಲ್ಲಿ ವಿವರ ಬಿಟ್ಟುಹೋಗುವುದಿಲ್ಲ.

ಮಾರುವವರಿಗೆ

ನಿಮ್ಮದೇ ಪೇಜು, ಚಾನೆಲ್ ಬಿಟ್ಟುಕೊಡುವುದಿದ್ದರೆ ‘ಪ್ರೀಮಿಯಂ’, ‘ಎ ಪ್ಲಸ್’ ಎಂದೆಲ್ಲ ಬರೆಯಬೇಡಿ. ‘ಈ ತಿಂಗಳ 3ನೇ ತಾರೀಕು ನೋಡಿದಂತೆ ಸ್ಟ್ರೈಕ್ ಇಲ್ಲ, ಹೋದ ವರ್ಷ ಒಂದು ಇತ್ತು, ಒಂಬತ್ತು ವಿಡಿಯೋಗಳಲ್ಲಿ ಕಾಪಿರೈಟ್ ಕ್ಲೈಮ್ ಉಂಟು’ ಎಂದು ಬರೆದರೆ ನೂರು ಹಸಿರು ಟಿಕ್ಕಿಗಿಂತ ಅದು ಮೇಲು. ಕರಿಗೋಟನ್ನು ಕರಿಗೋಟು ಎಂದೇ ಹೇಳಿ ಮಾರುವವನ ಹತ್ತಿರ ವ್ಯಾಪಾರಿ ಮುಂದಿನ ಸಲ ಚೀಲದ ತಳಕ್ಕೆ ಕೈ ಹಾಕುವುದು ಕಡಿಮೆ.

ಎಂಟನೆಯ ದಿನ

ಅಳಿಯ ನೋಡಿದ ಆ ಮೊದಲ ಚಾನೆಲ್ಲಿನವನು ವಿಡಿಯೋ ಕಾಲ್ ಎಂದ ಕೂಡಲೇ ಉತ್ತರ ಕೊಡುವುದನ್ನೇ ನಿಲ್ಲಿಸಿದ. ಎರಡು ತಿಂಗಳ ನಂತರ ಪುತ್ತೂರಿನ ಕಡೆಯವರೊಬ್ಬರ ಚಿಕ್ಕ ಚಾನೆಲ್ ಸಿಕ್ಕಿತು. 2,300 ಸಬ್‌ಸ್ಕ್ರೈಬರ್, ಎಲ್ಲವೂ ಅವರೇ ಚಿತ್ರಿಸಿದ ತಾಳಮದ್ದಳೆ ಕೂಟಗಳು. ಅವರು ಪರದೆ ತೆರೆದು ತೋರಿಸಿದರು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು.

ಅಳಿಯನನ್ನು ‘ಓನರ್’ ಎಂದು ಸೇರಿಸಿದ ಎಂಟನೆಯ ದಿನ ನಾವು ಮಾಡಿದ ಕೆಲಸವನ್ನು ಅದೇ ಕ್ರಮದಲ್ಲಿ ಹೇಳುತ್ತೇನೆ. ಅಳಿಯನ ಜಿಮೇಲ್ ‘ಪ್ರೈಮರಿ ಓನರ್’ ಆಗಿದೆಯೇ ನೋಡಿದೆವು. ಅನುಮತಿಗಳ ಪಟ್ಟಿಯಲ್ಲಿ ಉಳಿದ ಹೆಸರುಗಳನ್ನು ತೆಗೆದೆವು. ಹಳಬರ ಆಡ್‌ಸೆನ್ಸ್ ಬಿಡಿಸಿ ಅವನದ್ದನ್ನು ಜೋಡಿಸಿದೆವು. ಅವನ ಸ್ವಂತ ಗೂಗಲ್ ಅಕೌಂಟಿಗೆ ಎರಡು ಹಂತದ ಭದ್ರತೆ ಹಾಕಿ, ಹತ್ತು ಬ್ಯಾಕಪ್ ಕೋಡುಗಳನ್ನು ಕಾಗದಕ್ಕೆ ಇಳಿಸಿ ತಂಗಿಯ ಕಪಾಟಿನಲ್ಲಿ ಇಟ್ಟೆವು. ಮರುದಿನ ಬೆಳಿಗ್ಗೆ ಇನ್ನೊಂದು ಫೋನಿನಿಂದ ಹೊಸದಾಗಿ ಲಾಗಿನ್ ಆಗಿ, ಒಂದು ವಿಡಿಯೋ ಹಾಕಿ, ಅದು ಹೋದದ್ದನ್ನು ಕಣ್ಣಾರೆ ನೋಡಿದ ಮೇಲೆ ಹಣ ಬಿಡುಗಡೆಯ ಗುಂಡಿ ಒತ್ತಿದೆವು.